ತಟ್ಟೆ ಇಡ್ಲಿ ತಿಂದು ಮುಂದೆ ಹೋಗೋರೇ, ಸ್ವಲ್ಪ ನಿಲ್ಲಿ!

ಬೆಂಗಳೂರಿನಿಂದ ಹೊರಟ ಕಾರುಗಳಿಗೆ ತುಮಕೂರು ಅಂದರೆ ಕ್ಯಾತ್ಸಂದ್ರ, ಕ್ಯಾತ್ಸಂದ್ರ ಅಂದರೆ ತಟ್ಟೆ ಇಡ್ಲಿ. ಬೆಣ್ಣೆ ಕರಗುವಷ್ಟು ಹೊತ್ತು ನಿಂತು, ಕೈ ತೊಳೆದು, ಒಂದು ಸೆಲ್ಫಿ ತೆಗೆದುಕೊಂಡು ಚಿತ್ರದುರ್ಗಕ್ಕೋ ಶಿವಮೊಗ್ಗಕ್ಕೋ ಹೊರಟುಬಿಡುತ್ತಾರೆ. ಊರಿನವರಾದ ನಾವಾದರೂ ಏನು ಕಮ್ಮಿ? ‘ನಿಮ್ಮೂರಲ್ಲಿ ನೋಡೋಕೆ ಏನೈತೆ?’ ಅಂತ ಯಾರಾದರೂ ಕೇಳಿದರೆ ಸಿದ್ಧಗಂಗೆ, ದೇವರಾಯನದುರ್ಗ, ನಾಮದ ಚಿಲುಮೆ ಅಂತ ಮೂರು ಬೆರಳು ಮಡಚಿ ಸುಮ್ಮನಾಗುತ್ತೇವೆ. ನಾಲ್ಕನೇ ಬೆರಳು ಮಡಚುವ ಹೊತ್ತಿಗೆ ಮಾತು ಬೆಂಗಳೂರಿನ ಮಾಲ್‌ಗಳ ಕಡೆ ತಿರುಗಿರುತ್ತದೆ.

ನಾನು ಬರೆಯಲು ಹೊರಟಿರುವುದು ಆ ನಾಲ್ಕನೇ ಬೆರಳಿನಿಂದ ಮುಂದಿನ ಜಾಗಗಳ ಬಗ್ಗೆ.

ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ. ಬಿ.ಎ. ಮುಗಿಸಿ ಎರಡು ವರ್ಷವಾಯಿತು. ಎಫ್‌ಡಿಎ, ಪಿಡಿಒ ಅಂತ ಕರೆದ ಪರೀಕ್ಷೆಗಳನ್ನೆಲ್ಲ ಬರೆಯುತ್ತಿದ್ದೇನೆ. ಸೋಮವಾರದಿಂದ ಶನಿವಾರದವರೆಗೆ ಲೈಬ್ರರಿಯ ಕುರ್ಚಿ ನನ್ನನ್ನು ಕಾಪಾಡುತ್ತದೆ. ಕಷ್ಟ ಇರುವುದು ಭಾನುವಾರ. ಕೆಲಸ ಇಲ್ಲದವರ ಮನೆಗೆ ನೆಂಟರು ಬರುವುದು ಅವತ್ತೇ. ಕಾಫಿ ಲೋಟ ಕೈಗೆ ಬರುವ ಮೊದಲೇ ‘ಏನಾಯ್ತಮ್ಮ ರಿಸಲ್ಟು?’ ಅನ್ನುವ ಪ್ರಶ್ನೆ ಬರುತ್ತದೆ. ಅದರ ಹಿಂದೆಯೇ ‘ಒಂದು ಒಳ್ಳೆ ಕಡೆ ಗಂಡು ಐತೆ’ ಅನ್ನುವ ಮಾತು. ಹಾಗಾಗಿ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮನೆ ಬಿಡುವ ಅಭ್ಯಾಸ ಮಾಡಿಕೊಂಡೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಲ್ಲ, ಕೈಯಲ್ಲಿ ಆಧಾರ್ ಕಾರ್ಡ್, ಬ್ಯಾಗಿನಲ್ಲಿ ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ. ಖರ್ಚು ಅಂದರೆ ಟೀ, ಅಪರೂಪಕ್ಕೊಂದು ಆಟೊ. ನನಗೆ ಇದು ಟೂರಿಸಂ ಆಗಿರಲಿಲ್ಲ, ತಪ್ಪಿಸಿಕೊಳ್ಳುವ ದಾರಿ ಆಗಿತ್ತು. ಆದರೆ ಕಣ್ಣು ಇದ್ದ ಮೇಲೆ ನೋಡಲೇಬೇಕಲ್ಲ.

ಕ್ಯಾತ್ಸಂದ್ರದ ಹತ್ತಿರದಿಂದಲೇ ಶುರು ಮಾಡೋಣ. ಇಡ್ಲಿ ತಿಂದವರು ಹೆದ್ದಾರಿಯಿಂದ ಒಳದಾರಿ ಹಿಡಿದು ಪಂಡಿತನಹಳ್ಳಿ ಕಡೆ ಬಂದರೆ ಮಂದರಗಿರಿ ಸಿಗುತ್ತದೆ. ನಮ್ಮ ಕಡೆ ಇದನ್ನು ಬಸದಿ ಬೆಟ್ಟ ಅಂತಲೂ ಕರೆಯುತ್ತಾರೆ. ಬೆಟ್ಟದ ಬುಡದಲ್ಲಿ ಒಂದು ಕಟ್ಟಡವಿದೆ. ಮೊದಲ ಸಲ ದೂರದಿಂದ ನೋಡಿದವರು ಯಾವುದೋ ದೊಡ್ಡ ನವಿಲು ಗರಿಯ ಕಟ್ಟನ್ನು ನೆಲಕ್ಕೆ ನೆಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಅದು ಹೆಚ್ಚು ಕಡಿಮೆ ಸರಿಯೇ. ದಿಗಂಬರ ಜೈನ ಮುನಿಗಳು ಕೈಯಲ್ಲಿ ನವಿಲು ಗರಿಯ ಪಿಂಛಿ ಹಿಡಿದಿರುತ್ತಾರೆ. ಕೂರುವ ಮೊದಲು, ಏನಾದರೂ ಎತ್ತಿಡುವ ಮೊದಲು ಅದರಿಂದ ಮೆಲ್ಲಗೆ ಸವರುತ್ತಾರೆ, ಅಲ್ಲಿರುವ ಇರುವೆಗೂ ನೋವಾಗಬಾರದು ಅಂತ. ಆ ಪಿಂಛಿಯನ್ನೇ 81 ಅಡಿ ಎತ್ತರದ ಗುರುಮಂದಿರವಾಗಿ ಕಟ್ಟಿದ್ದಾರೆ. ಬೆಳಗಾವಿ ಜಿಲ್ಲೆಯ ಭೋಜದ ಮನೆತನದಿಂದ ಬಂದು, 20ನೇ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ಕೊಟ್ಟ ಆಚಾರ್ಯ ಶಾಂತಿಸಾಗರ ಮಹಾರಾಜರ ನೆನಪಿಗೆ ಇದು.

ನಮ್ಮೂರಿನಲ್ಲಿ ಈಚೆಗೆ ಎದ್ದ ಕಟ್ಟಡಗಳಲ್ಲಿ ‘ಇದು ಇಂಥದ್ದೇ’ ಅಂತ ಎರಡನೇ ಸಲ ತಿರುಗಿ ನೋಡುವಂತೆ ಮಾಡುವುದು ನನಗೆ ಇದೊಂದೇ. ಉಳಿದವೆಲ್ಲ ಗಾಜು ಅಂಟಿಸಿದ ಪೆಟ್ಟಿಗೆಗಳು. ಆರ್ಕಿಟೆಕ್ಚರ್ ಓದುತ್ತಿರುವವರು ಬಂದು ಒಂದು ಗಂಟೆ ಇದರ ಮುಂದೆ ಕುಳಿತು ಜಗಳ ಆಡಬಹುದು. ವಸ್ತುವಿನ ಆಕಾರವನ್ನೇ ಕಟ್ಟಡಕ್ಕೆ ಕೊಡುವುದು ಸರಿಯಾ, ಸುಲಭದ ದಾರಿಯಾ? ನನಗೆ ಗೊತ್ತಿರುವುದು ಇಷ್ಟು: ಇರುವೆಯನ್ನು ಸರಿಸುವ ಒಂದು ಮೃದುವಾದ ಸಾಧನ 81 ಅಡಿ ಎತ್ತರಕ್ಕೆ ಬೆಳೆದಾಗಲೂ ಗದರಿಸುವ ಹಾಗೆ ಕಾಣುವುದಿಲ್ಲ.

ಆಮೇಲೆ ಮೆಟ್ಟಿಲು ಹತ್ತಿ. ಬಂಡೆಗೆ ಕೊರೆದ ಮೆಟ್ಟಿಲು, ಬೇಸಿಗೆಯಾದರೆ ಒಂಬತ್ತು ಗಂಟೆಯೊಳಗೆ ಮೇಲಿರಬೇಕು. ತುದಿಯಲ್ಲಿ ಒಂದು ಆವರಣದೊಳಗೆ ಹಳೆಯ ಬಸದಿಗಳು, ಕೆಳಗೆ ಮೈದಾಳ ಕೆರೆ. ಹೊಸ ಕಟ್ಟಡ ಎಷ್ಟು ಬಣ್ಣದ್ದೋ ಹಳೆಯ ಬಸದಿಗಳು ಅಷ್ಟೇ ಮೌನದವು. ಎರಡನ್ನೂ ಒಂದೇ ಬೆಳಿಗ್ಗೆ ನೋಡುವುದರಲ್ಲೇ ಮಜಾ ಇರುವುದು.

ಸಿದ್ಧಗಂಗೆಯ ಬಗ್ಗೆ ನಾನು ಹೊಸದಾಗಿ ಹೇಳುವುದೇನಿದೆ? ಎಲ್ಲರೂ ಹೋಗಿರುತ್ತೀರಿ, ದಾಸೋಹದಲ್ಲಿ ಊಟ ಮಾಡಿರುತ್ತೀರಿ, 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಟಿ.ವಿ. ಮುಂದೆ ಕುಳಿತು ಅತ್ತಿರುತ್ತೀರಿ. ಒಂದೇ ಸಲಹೆ: ಮಧ್ಯಾಹ್ನ ಹೋಗುವವರು ಒಮ್ಮೆ ಸಂಜೆ ಹೋಗಿ. ಸಾವಿರಾರು ಹುಡುಗರು ಬಯಲಿನಲ್ಲಿ ಸಾಲಾಗಿ ಕುಳಿತು ಪ್ರಾರ್ಥನೆ ಮಾಡುತ್ತಾರೆ. ಬೇರೆ ಬೇರೆ ಜಿಲ್ಲೆಗಳಿಂದ, ಬೇರೆ ಬೇರೆ ಜಾತಿಗಳಿಂದ ಬಂದು ಅಲ್ಲೇ ಉಂಡು ಓದುವ ಮಕ್ಕಳು. ಕಟ್ಟಡ ನೋಡಲು ಹೋದವಳಿಗೆ ಅವತ್ತು ಕಟ್ಟಡವೇ ಕಾಣಲಿಲ್ಲ.

ದೇವರಾಯನದುರ್ಗಕ್ಕೆ ಬೈಕ್ ಇರುವವರು ಹೇಗೂ ಹೋಗೇ ಹೋಗುತ್ತೀರಿ. ದಾರಿಯಲ್ಲಿ ನಾಮದ ಚಿಲುಮೆಯಲ್ಲಿ ಜಿಂಕೆಗೆ ಕೈ ಬೀಸುವಾಗ ಇದೊಂದು ನೆನಪಿರಲಿ, 1930ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಲೆಕ್ಕ ಹಿಡಿಯಲು ಬಂದ ಸಲೀಂ ಅಲಿ ಇಲ್ಲಿ ಉಳಿದುಕೊಂಡಿದ್ದರು. ಅಷ್ಟು ಸಾಕು, ಮುಂದೆ ಹೋಗೋಣ.

ತುಮಕೂರು–ಕುಣಿಗಲ್ ರಸ್ತೆ ನನ್ನ ರಸ್ತೆ. ನನ್ನ ಪ್ರಕಾರ ಈ ಜಿಲ್ಲೆಯ ಅತ್ಯುತ್ತಮ ಮ್ಯೂಸಿಯಂ ಈ ರಸ್ತೆಯೇ. ಗೂಳೂರು, ನಾಗವಲ್ಲಿ, ಹೆಬ್ಬೂರು, ಆಮೇಲೆ ಕುಣಿಗಲ್. ಒಂದೊಂದು ಸ್ಟಾಪಿಗೂ ಒಂದೊಂದು ಕತೆ.

ಗೂಳೂರು ಅಂದ ಕೂಡಲೇ ಗಣೇಶ. ಬೇರೆಯವರ ಗಣೇಶ ಚೌತಿಗೆ ಬಂದು ನೀರಿಗೆ ಹೋದರೆ, ಗೂಳೂರಿನ ಮಣ್ಣಿನ ಮಹಾಗಣಪತಿ ಚೌತಿಯಿಂದ ಮೈ ತುಂಬಿಕೊಳ್ಳಲು ಶುರು ಮಾಡಿ, ದೀಪಾವಳಿಯ ಬಲಿಪಾಡ್ಯಮಿಯಿಂದ ಪೂಜೆಗೆ ಕೂರುತ್ತಾನೆ. ಆಳೆತ್ತರದ ಮೂರ್ತಿಗಳನ್ನು ನೋಡಿ ಅಭ್ಯಾಸವಾದವರು ಕತ್ತು ಎತ್ತಬೇಕು. ಒಂದು ತಿಂಗಳು ಪೂಜೆ, ಜಾತ್ರೆ, ಆಮೇಲೆ ಕೆರೆ. ಅಷ್ಟು ದಿನ ಕಷ್ಟಪಟ್ಟು ಮಾಡಿದ್ದನ್ನು ನೀರಿಗೆ ಬಿಡುವುದು ನೋಡಬೇಕಾದ ದೃಶ್ಯ. ಎರಡು ವರ್ಷ ಓದಿ ಪರೀಕ್ಷೆ ಮುಂದೂಡಿದ ಸುದ್ದಿ ಕೇಳಿದವರಿಗೆ ಸ್ವಲ್ಪ ಸಮಾಧಾನವೂ ಸಿಗಬಹುದು!

ಗೂಳೂರಿನ ಪಕ್ಕದ್ದು ಕೈದಾಳ. ತುಮಕೂರಿನಿಂದ ಒಂಬತ್ತು ಕಿಲೋಮೀಟರ್ ಆಸುಪಾಸು. ಅಮ್ಮನ ತವರು ಹೆಬ್ಬೂರಿನ ಆಚೆ. ಮದುವೆಯಾಗಿ ಬಂದಾಗಿನಿಂದ ಇದೇ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದಾರೋ, ಒಮ್ಮೆಯೂ ಗೂಳೂರಿನಲ್ಲಿ ಇಳಿದವರಲ್ಲ. ‘ಯಾಕಮ್ಮ?’ ಅಂದರೆ, ‘ಇಳಿದ್ರೆ ಇನ್ನೊಂದು ಸಲ ಟಿಕೆಟ್ ತಗೋಬೇಕಾಗಿತ್ತಲ್ಲ ಕಣೆ’ ಅಂದರು. ಈ ಒಂದು ಮಾತಿಗೆ ಉತ್ತರ ಕೊಡಲು ನನ್ನ ಯಾವ ಪುಸ್ತಕವೂ ಸಾಲದು. ಈಗ ಟಿಕೆಟ್ ಇಲ್ಲ. ‘ಕೆಲ್ಸ ಹುಡ್ಕೋದು ಬಿಟ್ಟು ಊರೂರು ತಿರುಗ್ತೀಯಾ, ಅಲ್ಲಿ ಅಂಥಾದ್ದೇನೈತೆ ನಾನೂ ನೋಡ್ತೀನಿ’ ಅಂತ ಒಂದು ಭಾನುವಾರ ಸೀರೆಯ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

ಕೈದಾಳದ ಚೆನ್ನಕೇಶವ ದೇವಾಲಯ ಬೇಲೂರಿನ ಹಾಗೆ ಇರುತ್ತದೆ ಅಂದುಕೊಂಡು ಹೋದರೆ ನಿರಾಸೆಯಾಗುತ್ತದೆ. ಹೊರಗೋಡೆ ತುಂಬ ಆನೆ ಸಾಲು, ಮದನಿಕೆಯರು ಇಲ್ಲಿಲ್ಲ. ಮಹಾದ್ವಾರ ದಾಟಿದರೆ ಸರಳವಾದ ಗುಡಿ. ಒಳಗೆ ಹೋಗಿ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಬಿಡಿ. ಆಗ ಚೆನ್ನಕೇಶವ ಕಾಣುತ್ತಾನೆ. ಶಿಲ್ಪದ ಬಗ್ಗೆ ಏನೂ ಗೊತ್ತಿಲ್ಲದ ಅಮ್ಮ ಅಲ್ಲಿ ನಿಂತು, ಬೆರಳಿನ ಉಂಗುರ ತೋರಿಸಿ, ‘ಇದನ್ನ ಕಲ್ಲಲ್ಲಿ ಹೆಂಗೆ ಮಾಡಿದ್ರು?’ ಅಂತ ಪಿಸುಗುಟ್ಟಿದರು. ಪೂಜೆಯ ಹೊತ್ತು ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಬಾಗಿಲು ಮುಚ್ಚಿದ್ದರೆ ಊರಿನಲ್ಲಿ ವಿನಯವಾಗಿ ವಿಚಾರಿಸಿ.

ಕೈದಾಳದ ಕತೆ ನಿಮಗೆಲ್ಲ ಗೊತ್ತು. ಜಕಣಾಚಾರಿ ಬೇಲೂರಿನಲ್ಲಿ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಅಂತ ಒಬ್ಬ ಹುಡುಗ ಹೇಳಿದ. ಗಂಧ ಹಚ್ಚಿ ನೋಡಿದರೆ ಒಂದು ಕಡೆ ಒಣಗಲಿಲ್ಲ, ಅಲ್ಲಿ ಉಳಿ ಇಟ್ಟರೆ ಕಪ್ಪೆ ಹೊರಬಂತು. ಮಾತು ಕೊಟ್ಟಂತೆ ಜಕಣ ಬಲಗೈ ಕಡಿದುಕೊಂಡ. ಆ ಹುಡುಗ ತನ್ನದೇ ಮಗ ಡಂಕಣ ಅಂತ ಆಮೇಲೆ ತಿಳಿಯಿತು. ಹುಟ್ಟೂರು ಕ್ರೀಡಾಪುರಕ್ಕೆ ಬಂದು ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ಮತ್ತೆ ಬಂತು, ಊರು ‘ಕೈದಾಳ’ ಆಯಿತು. 1964ರಲ್ಲಿ ಇದೇ ಕತೆಯ ‘ಅಮರಶಿಲ್ಪಿ ಜಕಣಾಚಾರಿ’ ಬಂತು, ಕನ್ನಡದ ಮೊದಲ ಪೂರ್ಣ ವರ್ಣ ಚಿತ್ರ ಅದು.

ಶಾಸನ ಬೇರೆ ಕತೆ ಹೇಳುತ್ತದೆ. ಹೊಯ್ಸಳ ಒಂದನೇ ನರಸಿಂಹನ ಸಾಮಂತ ಗೂಳಿ ಬಾಚಿ ಅನ್ನುವವನು ಸುಮಾರು 1150ರಲ್ಲಿ ಈ ಗುಡಿ ಕಟ್ಟಿಸಿದ. ಅವನು ಬರೀ ವಿಷ್ಣುವಿಗೆ ಕಟ್ಟಿಸಿ ಸುಮ್ಮನಾದವನಲ್ಲ, ಶಿವನಿಗೂ ಗುಡಿ, ಜಿನನಿಗೂ ಬಸದಿ ಕಟ್ಟಿಸಿದ. ಇದೇ ಆವರಣದಲ್ಲಿ ಗಂಗಾಧರೇಶ್ವರನ ಗುಡಿಯೂ ಇದೆ. ಬೇಲೂರಿನ ಕೆಲಸ 1117ರದ್ದು. ಅಲ್ಲಿನ ಶಿಲ್ಪಗಳ ಕೆಳಗೆ ದಾಸೋಜ, ಚಾವಣ ಅಂತ ಶಿಲ್ಪಿಗಳ ಹೆಸರು ಕೊರೆದಿದ್ದಾರೆ, ಜಕಣಾಚಾರಿಯ ಹೆಸರು ಮಾತ್ರ ಇಲ್ಲ. ಪರೀಕ್ಷೆಯಲ್ಲಿ ‘ಕಟ್ಟಿಸಿದವರು ಯಾರು’ ಅಂತ ಬಂದರೆ ಗೂಳಿ ಬಾಚಿ ಅಂತ ಬರೆಯಿರಿ. ಆದರೆ ನನಗೆ ಕತೆಯ ಮೇಲೆ ಕೋಪವಿಲ್ಲ. ದುಡ್ಡು ಕೊಟ್ಟವನ ಹೆಸರನ್ನು ಶಾಸನ ಇಟ್ಟುಕೊಂಡಿತು. ಉಳಿ ಹಿಡಿದವನಿಗೆ ಒಂದು ಹೆಸರು ಬೇಕಾಗಿತ್ತು, ಜನ ಅದನ್ನು ಇಟ್ಟುಕೊಂಡರು.

ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ‘ಹನ್ನೆರಡು ವರ್ಷ ಗಂಡ ಬರ್ಲಿಲ್ವಲ್ಲ, ಆಯಮ್ಮ ಮಗೂನ ಹೆಂಗೆ ಸಾಕಿದ್ಲು?’ ಜಕಣನ ಹೆಂಡತಿಯ ಬಗ್ಗೆ ಶಾಸನವೂ ಹೇಳುವುದಿಲ್ಲ, ಸಿನಿಮಾ ಹಾಡಿನ ನಡುವೆ ನಾನು ಯೋಚಿಸಿಯೂ ಇರಲಿಲ್ಲ. ಅವತ್ತಿನಿಂದ ಭಾನುವಾರ ಮನೆ ಬಿಡುವಾಗ ಕಾರಣ ಹೇಳುವ ಕಷ್ಟ ತಪ್ಪಿತು. ಡಬ್ಬಿಗೆ ಒಂದು ಸೌಟು ಜಾಸ್ತಿ ಚಿತ್ರಾನ್ನ ಬೀಳುತ್ತಿದೆ.

ನಾಗವಲ್ಲಿಯಲ್ಲಿ ನೋಡಬೇಕಾದದ್ದು ಕಟ್ಟಡವಲ್ಲ, ಮತ್ತು ಅದನ್ನು ನೋಡಲು ನೀವು ಹೋಗದಿದ್ದರೇ ಒಳ್ಳೆಯದು. ಈ ಊರಿನ ಸುತ್ತಲಿನ ಮರಗಳಲ್ಲಿ ಕಾಡುಪಾಪಗಳಿವೆ. ಅಂಗೈ ತುಂಬುವಷ್ಟು ಮೈ, ಮುಖದ ಅರ್ಧ ಕಣ್ಣು, ರಾತ್ರಿ ಮಾತ್ರ ಓಡಾಟ. ಊರಿನ ಮಗ್ಗುಲಲ್ಲೇ ಇವು ಬದುಕಿರುವುದು ದೊಡ್ಡ ವಿಷಯ. ಟಾರ್ಚ್ ಬಿಟ್ಟು ರೀಲ್ಸ್ ಮಾಡಲು ಹೋದರೆ ಅವುಗಳ ಕಣ್ಣಿಗೂ ಹಿಂಸೆ, ಕಾನೂನಿಗೂ ಅಪರಾಧ. ಹಗಲಲ್ಲಿ ಬಸ್ಸಿನ ಕಿಟಕಿಯಿಂದ ಆ ಮರಗಳನ್ನು ನೋಡಿ, ಅದರಲ್ಲೊಂದು ಮಲಗಿದೆ ಅಂದುಕೊಳ್ಳಿ. ನಾನು ಹಾಗೇ ನೋಡಿರುವುದು.

ಕುಣಿಗಲ್ಲಿನಲ್ಲಿ ಇಳಿದ ಕೂಡಲೇ ಕೆರೆ ಏರಿಗೆ ಹೋಗಿ. ಒಂದು ಕೆರೆಯ ಮೇಲೆ ಇಡೀ ಕರ್ನಾಟಕ ಹಾಡುವ ಜನಪದ ಗೀತೆ ಇರುವುದು ಈ ಊರಿನ ಭಾಗ್ಯ. ಹಾಡು ಕೇಳಿ ಬೆಳೆದವರು ಕೆರೆ ತುಂಬಿದಾಗ ಬರಬೇಕು. ಹೇಮಾವತಿ ನೀರು ಬಾರದ ವರ್ಷ ಬಂದವರಿಗೆ ಹಾಡೇ ಸುಳ್ಳು ಅನಿಸಬಹುದು. ಈ ನೀರಿಗಾಗಿ ನಮ್ಮ ಜಿಲ್ಲೆಯೊಳಗೇ ಜಗಳವಿದೆ. ಕುಣಿಗಲ್, ಮಾಗಡಿ ಕಡೆಗೆ ನೀರೊಯ್ಯುವ ಲಿಂಕ್ ಕೆನಾಲ್ ಬೇಕು ಅಂತ ಇಲ್ಲಿನವರು, ಬೇಡ ಅಂತ ಗುಬ್ಬಿ ಕಡೆಯ ರೈತರು. ಎರಡೂ ಊರಿನಲ್ಲಿ ಟೀ ಕುಡಿದಿರುವ ನನಗೆ ಇಬ್ಬರ ಮಾತೂ ಸರಿಯಾಗೇ ಕೇಳಿಸುತ್ತದೆ. ಕೆರೆಯ ಏರಿ, ತೂಬು, ಕೋಡಿಯನ್ನು ಬರೀ ಫೋಟೊಗೆ ಅಂತ ನೋಡಬೇಡಿ, ಈ ಬಯಲು ಸೀಮೆಯ ನಿಜವಾದ ವಾಸ್ತುಶಿಲ್ಪ ಅದೇ. ಗುಡಿ ಇಲ್ಲದೆ ಊರು ಬದುಕೀತು, ಕೆರೆ ಇಲ್ಲದೆ ಬದುಕಲಾರದು.

ಕುಣಿಗಲ್ಲಿನ ಎರಡನೇ ಬೆರಗು ಕುದುರೆ ಫಾರಂ. ಟಿಪ್ಪು ಸುಲ್ತಾನ್ ತನ್ನ ಅಶ್ವದಳಕ್ಕೆ ಕುದುರೆ ಸಾಕಲು ಬಳಸಿದ ಜಾಗ ಇದು. ಅವನ ನಂತರ ಬ್ರಿಟಿಷರ ಸೈನ್ಯಕ್ಕೂ ಇಲ್ಲಿಂದ ಕುದುರೆ ಹೋದವು, ಮೈಸೂರು ಸಂಸ್ಥಾನದ ಕೈಗೆ ಬಂತು. ಯುದ್ಧದ ಕುದುರೆಯ ಕಾಲ ಮುಗಿದ ಮೇಲೆ ರೇಸ್ ಕುದುರೆಯ ಕಾಲ. 1992ರಲ್ಲಿ ಸರ್ಕಾರ ಇದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. 400 ಎಕರೆಗೂ ಮೀರಿದ ಹಸಿರು, ದೊಡ್ಡ ದೊಡ್ಡ ಮರಗಳು, ಬೇಲಿಯ ಆಚೆ ಹೊಳೆಯುವ ಮೈಯ ಕುದುರೆಗಳು. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ, ಕಾವಲುಗಾರರ ಜೊತೆ ವಾದ ಮಾಡಬೇಡಿ, ಅವರಿಗೂ ಕೆಲಸ ಮುಖ್ಯ. ಹೊರಗಿನಿಂದ ಕಂಡಷ್ಟನ್ನೇ ನೋಡಿ.

ಇದನ್ನು ಆದಷ್ಟು ಬೇಗ ನೋಡಿ ಅಂತ ಹೇಳಲು ಕಾರಣವಿದೆ. ಈ ಜಾಗದಲ್ಲಿ ಟೌನ್‌ಶಿಪ್ ಮಾಡುವ ಪ್ರಸ್ತಾಪ ಸುದ್ದಿಯಾಗಿದೆ, ಫಾರಂ ಉಳಿಸಿ ಅನ್ನುವ ಕೂಗೂ ಎದ್ದಿದೆ. ಕೆಲಸ ಹುಡುಕುವವಳಾದ ನನಗೆ ಟೌನ್‌ಶಿಪ್ ಅಂದರೆ ಕಿವಿ ನೆಟ್ಟಗಾಗುತ್ತದೆ, ಸುಳ್ಳು ಹೇಳುವುದಿಲ್ಲ. ಕುಣಿಗಲ್ಲಿನ ನನ್ನ ಗೆಳತಿಯ ಅಣ್ಣ ದಿನಾ ಬೆಂಗಳೂರಿನ ಫ್ಯಾಕ್ಟರಿಗೆ ಹೋಗಿಬರುತ್ತಾನೆ. ‘ಇಲ್ಲೇ ಏನಾದ್ರೂ ಬಂದ್ರೆ ದಿನಕ್ಕೆ ನಾಲ್ಕು ಗಂಟೆ ನಿದ್ದೆ ಉಳಿಯುತ್ತೆ’ ಅನ್ನುವುದು ಅವನ ಲೆಕ್ಕ. ಆ ಲೆಕ್ಕವನ್ನು ಬದಿಗೆ ಸರಿಸುವುದು ಸುಲಭವಲ್ಲ. ಆದರೂ ಕೇಳಬೇಕೆನಿಸುತ್ತದೆ: ಟೌನ್‌ಶಿಪ್‌ಗೆ ಬೇರೆ ಜಾಗ ಸಿಕ್ಕೀತು, ಎರಡು ಶತಮಾನ ಕುದುರೆಗಳನ್ನೇ ಸಾಕಿದ ಜಾಗ ಇನ್ನೊಂದು ಎಲ್ಲಿ ಸಿಗುತ್ತದೆ? ಹಸಿರು ಬಿಟ್ಟು, ಒಂದು ಭಾಗವನ್ನು ಜನರಿಗೆ ತೆರೆದು, ಟಿಕೆಟ್ ಇಟ್ಟರೂ ಊರಿನ ಹತ್ತಾರು ಹುಡುಗರಿಗೆ ಗೈಡ್ ಕೆಲಸವಾದರೂ ಆದೀತು. ಹೀಗೆ ಯೋಚಿಸಿದವರು ನಮ್ಮಲ್ಲಿ ಇರಬೇಕು.

ಎಂಜಿನಿಯರಿಂಗ್ ಓದುವವರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗಲೇಬೇಕು. ಶಿಂಷಾ ನದಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ್ದು. ನಡುವೆ 139 ಮೀಟರ್ ಕಲ್ಲಿನ ಕಟ್ಟೆ, ಎರಡೂ ಕಡೆ ಮಣ್ಣಿನ ಏರಿ. ವಿಶೇಷ ಅದರ ಸೈಫನ್. ನೀರು ಒಂದು ಮಟ್ಟ ದಾಟಿದ ಕೂಡಲೇ ಯಾರೂ ಗೇಟ್ ಎತ್ತದೆ ತಾನಾಗಿಯೇ ಹೊರಗೆ ನುಗ್ಗುತ್ತದೆ. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ವ್ಯವಸ್ಥೆ ಇದು. ಆಲಿಕೆಯ ಹಾಗಿರುವ ಬಾಯಿ, ಅದರ ಮೇಲೆ ಗುಮ್ಮಟದಂಥ ಮುಚ್ಚಳ, ಒಳಗೆ ಬಾಗಿದ ರೆಕ್ಕೆಗಳು. ನೀರು ಆ ರೆಕ್ಕೆಗಳ ಮೇಲೆ ಸುರುಳಿ ಸುತ್ತುತ್ತ ಇಳಿಯುವಾಗ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ, ಗಾಳಿ ಖಾಲಿಯಾದ ಮೇಲೆ ಪೂರ್ತಿ ರಭಸದಲ್ಲಿ ನೀರು ಹೀರಿಕೊಳ್ಳುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಪೈಪ್ ಹಾಕಿ ಬಾಯಿಂದ ಎಳೆಯುತ್ತಾರಲ್ಲ, ಆ ಎಳೆಯುವ ಕೆಲಸವನ್ನು ಇಲ್ಲಿ ನೀರೇ ಮಾಡುತ್ತದೆ. ಕರೆಂಟ್ ಬೇಡ, ಆಪರೇಟರ್ ಬೇಡ. ಇದೇ ಬಗೆಯ ಸೈಫನ್‌ಗಳಿದ್ದ ಶರಾವತಿಯ ಹಿರೇಭಾಸ್ಕರ ಅಣೆಕಟ್ಟು ಈಗ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದೆ, ನೀರು ತೀರಾ ಇಳಿದಾಗ ಮಾತ್ರ ತಲೆ ಎತ್ತುತ್ತದೆ. ಮಾರ್ಕೋನಹಳ್ಳಿಯದು ಕಣ್ಣ ಮುಂದೆಯೇ ಇದೆ.

ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಕೇಳಿ. ‘ತಾನಾಗಿಯೇ’ ಅನ್ನುವ ಪದದಲ್ಲೇ ಅಪಾಯವೂ ಇದೆ. ಯಾರೂ ಗೇಟ್ ಎತ್ತುವುದಿಲ್ಲ ಅಂದರೆ ಎತ್ತುವ ಮುಂಚೆ ಕೂಗಿ ಹೇಳುವವರೂ ಇರುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಕೆಳಗೆ ನೀರಿಗಿಳಿದಿದ್ದ, ತುಮಕೂರಿನಿಂದಲೇ ಪ್ರವಾಸ ಹೋಗಿದ್ದ ಒಂದು ಕುಟುಂಬದವರು ಸೈಫನ್‌ನಿಂದ ಇದ್ದಕ್ಕಿದ್ದಂತೆ ನುಗ್ಗಿದ ನೀರಿನಲ್ಲಿ ಕೊಚ್ಚಿಹೋದರು. ಕೆಳಗಿನ ಬಂಡೆಗಳ ಮೇಲೆ ನೀರು ಪಾದ ಮುಳುಗುವಷ್ಟೇ ಇರುತ್ತದೆ, ಮಕ್ಕಳಿಗೆ ಆಟಕ್ಕೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಇಳಿಯಬೇಡಿ. ಮಳೆಗಾಲದಲ್ಲಂತೂ ದೂರದಿಂದ ನೋಡಿ. ಸ್ನೇಹಿತರು ‘ಹೆದರುಪುಕ್ಲಿ’ ಅಂದರೆ ಅನ್ನಲಿ.

ಹುಲಿಯೂರುದುರ್ಗ, ಹುತ್ರಿದುರ್ಗ ಎರಡೂ ಕುಣಿಗಲ್ ತಾಲ್ಲೂಕಿನವೇ. ಹುಲಿಯೂರುದುರ್ಗದ ಬಂಡೆ ಬೋರಲು ಹಾಕಿದ ಬಟ್ಟಲಿನಂತೆ ಕಾಣುತ್ತದೆ. ಹುತ್ರಿದುರ್ಗದ ಕೋಟೆಯಲ್ಲಿ ಒಂದರ ಮೇಲೊಂದು ಬಾಗಿಲು, ತುದಿಯಲ್ಲಿ ಶಂಕರೇಶ್ವರನ ಗುಡಿ. ಕೆಂಪೇಗೌಡರ ಮನೆತನದ ಕಾಲದ ಈ ಕೋಟೆಗಳನ್ನು 1791–92ರ ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡಿತು. ವಾರಾಂತ್ಯದಲ್ಲಿ ಸಾವನದುರ್ಗದಲ್ಲಿ ಜನಜಾತ್ರೆ, ಇಲ್ಲಿ ಮೇಕೆ ಕಾಯುವವರು ಸಿಕ್ಕರೆ ಪುಣ್ಯ. ಅದಕ್ಕೇ ಒಬ್ಬೊಬ್ಬರೇ ಹೋಗಬೇಡಿ, ನಾನು ನಾಲ್ವರು ಗೆಳತಿಯರ ಜೊತೆ ಹೋದೆ. ಸಂಜೆ ಬಸ್ಸು ಕಮ್ಮಿ.

ಗುಬ್ಬಿಗೆ ಮಾತ್ರ ನಾನು ಬಸ್ಸು ಬಿಟ್ಟು ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತೇನೆ. ಹತ್ತು ರೂಪಾಯಿ ಟಿಕೆಟ್, ಕಿಟಕಿ ಪಕ್ಕ ತೆಂಗು, ಅಡಿಕೆ ತೋಟ. ಈಗ ನಮ್ಮ ಓರಗೆಯವರು ಗುಬ್ಬಿ ಅಂದರೆ ಹೆಲಿಕಾಪ್ಟರ್ ಅನ್ನುತ್ತಾರೆ. ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತಲ್ಲ, ಐಟಿಐ, ಡಿಪ್ಲೊಮಾ ಮಾಡಿದವರ ಕಣ್ಣೆಲ್ಲ ಅತ್ತ ಕಡೆ. ಅದಕ್ಕೂ ಎಷ್ಟೋ ಮುಂಚೆ ಈ ಪುಟ್ಟ ಊರು ಇಬ್ಬರನ್ನು ಹೊರಗೆ ಕಳಿಸಿತ್ತು.

ಒಬ್ಬರು ಗುಬ್ಬಿ ತೋಟದಪ್ಪ. ಇಂಟರ್‌ವ್ಯೂಗೆ ಅಂತ ಬೆಂಗಳೂರಿಗೆ ಹೋಗಿ ಮೆಜೆಸ್ಟಿಕ್‌ನಲ್ಲಿ ಇಳಿದವರೆಲ್ಲ ಅವರ ಹೆಸರಿನ ಛತ್ರ ನೋಡಿರುತ್ತೀರಿ. 1897ರಲ್ಲಿ ರೈಲು ನಿಲ್ದಾಣದ ಎದುರು ಜಾಗ ಕೊಂಡು ಕಟ್ಟಿಸಿದ ಆ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ತೆರೆದರು. ಊರಿಂದ ಬಂದವರಿಗೆ ತಲೆ ಮೇಲೊಂದು ಸೂರು, ಓದುವ ಹುಡುಗರಿಗೆ ಹಾಸ್ಟೆಲ್. ಪಿ.ಜಿ. ಅಡ್ವಾನ್ಸ್ ಹೊಂದಿಸಲು ಪರದಾಡುವ ನಮಗೆ ಆ ಮನುಷ್ಯನ ದೂರದೃಷ್ಟಿ ಬೇಗ ಅರ್ಥವಾಗುತ್ತದೆ.

ಇನ್ನೊಬ್ಬರು ಗುಬ್ಬಿ ವೀರಣ್ಣ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲಕನಾಗಿ ಸೇರಿದ ಅವರು ಅದರ ಒಡೆಯರಾದರು. ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದು ‘ಕುರುಕ್ಷೇತ್ರ’ ಆಡಿಸಿದರು. ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದರು, ಬಿ. ಜಯಮ್ಮನವರಂಥ ಕಲಾವಿದೆಯರು ಮಿಂಚಿದರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲರೂ ಈ ಕಂಪನಿಯ ಅನ್ನ ಉಂಡವರು. ರಾಜಕುಮಾರ್ ನಾಯಕರಾದ ‘ಬೇಡರ ಕಣ್ಣಪ್ಪ’ 1954ರಲ್ಲಿ ಬಂದಾಗ ಅದರ ಹಿಂದೆಯೂ ಗುಬ್ಬಿಯ ಹೆಸರಿತ್ತು. ಇಡೀ ಕನ್ನಡ ಚಿತ್ರರಂಗದ ಟ್ರೈನಿಂಗ್ ಸೆಂಟರ್ ಇದ್ದದ್ದು ಊರೂರು ಸುತ್ತುವ ಟೆಂಟಿನಲ್ಲಿ!

ನೋಡಲು ಏನಿದೆ ಅಂದರೆ, ಆ ಟೆಂಟ್ ಇಲ್ಲ. ಕಂಪನಿ ನಾಟಕ ಅಂದರೆ ಹಾಗೆಯೇ, ಗೂಟ ಕಿತ್ತರೆ ಖಾಲಿ ಮೈದಾನ. ಗುಬ್ಬಿಯಲ್ಲಿ ಕಂಪನಿಗೆ ಹೆಸರು ಕೊಟ್ಟ ಚನ್ನಬಸವೇಶ್ವರನ ಗುಡಿ ಇದೆ. ಅಲ್ಲಿ ಕೂತು ಹಳಬರನ್ನು ಮಾತಾಡಿಸಿ, ಒಂದು ಕಾಲದಲ್ಲಿ ಪುರಾಣ ಕೇಳಲು ದಿನಾ ಬರುತ್ತಿದ್ದ ಎರಡು ಗುಬ್ಬಿಗಳ ಕತೆಯಿಂದ ಶುರು ಮಾಡುತ್ತಾರೆ, ಊರಿಗೆ ಹೆಸರು ಬಂದದ್ದು ಅವುಗಳಿಂದಲೇ ಅಂತೆ. ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರವಿದೆ. ಕಟ್ಟಡ ನೋಡಲು ಹೋಗಬೇಡಿ, ನಾಟಕ ಇರುವ ದಿನ ಹೋಗಿ. ಪೌರಾಣಿಕ ನಾಟಕವಾದರೆ ಇನ್ನೂ ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ಹಾರ್ಮೋನಿಯಂ ಶಬ್ದಕ್ಕೆ ರಾತ್ರಿಯಿಡೀ ಕೂರುವ ಜನ ಇನ್ನೂ ಇದ್ದಾರೆ. ಹಗಲು ಆಟೊ ಓಡಿಸುವವರು, ಮೇಷ್ಟ್ರು, ತೆಂಗಿನಕಾಯಿ ವ್ಯಾಪಾರಿಗಳು ರಾತ್ರಿ ಕಿರೀಟ ಇಟ್ಟು ದುರ್ಯೋಧನರಾಗುತ್ತಾರೆ. ಒಂದು ಸಲ ಮುಂದಿನ ಸಾಲಿನಲ್ಲಿ ಕೂತು ನೋಡಿದೆ. ಭೀಮನ ಪಾತ್ರದವರು ನಾವು ದಿನಾ ಹಾಲು ತರುವ ಅಂಗಡಿಯ ಅಂಕಲ್. ಮಾರನೇ ದಿನ ಅವರಿಂದ ಅರ್ಧ ಲೀಟರ್ ಹಾಲು ತೆಗೆದುಕೊಳ್ಳುವಾಗ ಚಿಲ್ಲರೆ ಕೇಳಲು ಸ್ವಲ್ಪ ಭಯವೇ ಆಯಿತು.

ಗುಬ್ಬಿಯಿಂದ ಮುಂದಿನದು ನಿಟ್ಟೂರು. ಅಲ್ಲಿ 12ನೇ ಶತಮಾನದ ಶಾಂತೀಶ್ವರ ಬಸದಿ ಇದೆ. ರೈಲಿನ ಸಮಯ ನೋಡಿಕೊಂಡು ಹೋಗಿ, ಇಲ್ಲದಿದ್ದರೆ ವಾಪಸ್ ಬರುವಾಗ ಬಸ್ಸೇ ಗತಿ. ಹಾಗಲವಾಡಿಯ ಪಾಳೇಗಾರರ ಊರು, ಕಡಬದ ಕೆರೆ ನನ್ನ ಪಟ್ಟಿಯಲ್ಲಿ ಇನ್ನೂ ಬಾಕಿ ಇವೆ. ಮುಂದಿನ ಭಾನುವಾರ ಕಡಬ. ಅಮ್ಮ ಈಗಲೇ ಕೇಳಿಯಾಗಿದೆ, ‘ಆ ಕಡೆಗೆ ಸರ್ಕಾರಿ ಬಸ್ಸು ಎಷ್ಟು ಗಂಟೆಗೈತೆ?’ ಅಂತ.